ಮೂಗು ಭಾಗ್ಯಮ್ಮನದು, ರುಜು ನನ್ನದು

ನಮ್ಮ ಬೀದಿಯ ಸಹನಾ ಹೋದ ತಿಂಗಳು ತಿಪಟೂರಿನ ಒಂದು ಕಾಯಿಪುಡಿ ಕಾರ್ಖಾನೆಗೆ ಗುಣಮಟ್ಟ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದಳು. ಬಿ.ಎಸ್ಸಿ. ಓದಿದ ಹುಡುಗಿ. ಸೇರುವ ಮುನ್ನಾದಿನ ಸಂಜೆ ನಮ್ಮ ಮನೆಗೆ ಬಂದು, ನೋಟ್‌ಬುಕ್ಕು ಬಿಚ್ಚಿಕೊಂಡು ಎದುರಿಗೆ ಕೂತು, ‘ತಾತ, ನೀವು ಇದೇ ಕೆಲಸದಲ್ಲಿ ಮೂವತ್ತು ವರ್ಷ ಇದ್ರಂತಲ್ಲ, ಏನೇನು ನೋಡ್ಬೇಕು ಸ್ವಲ್ಪ ಹೇಳ್ಕೊಡಿ’ ಎಂದಳು. ಇಂಥ ಸಂದರ್ಭ ಒದಗುವುದೇ ಅಪರೂಪವಾದ್ದರಿಂದ ನಾನು ಶಲ್ಯ ಸರಿಮಾಡಿಕೊಂಡು, ಗಂಟಲು ಕೆರೆದುಕೊಂಡು, ಬಣ್ಣ, ತೇವ, ತರಿ, ವಾಸನೆ ಎಂದು ನಾಲ್ಕು ತಲೆಬರಹಗಳನ್ನು ಪ್ರವಚನದ ಧಾಟಿಯಲ್ಲಿ ಹೇಳಿದೆ. ಅವಳು ಶ್ರದ್ಧೆಯಿಂದ ಬರೆದುಕೊಂಡಳು. ಆಮೇಲೆ, ‘ವಾಸನೆ ಹೆಂಗೆ ತಾತ ಕಂಡುಹಿಡೀತಿದ್ರಿ?’ ಎಂದು ಕೇಳಿದಳು.

ಅಡುಗೆಮನೆಯಿಂದ ನನ್ನ ಹೆಂಡತಿ ಸರೋಜ ನಕ್ಕಿದ್ದು ಹೊರಗಿನವರೆಗೂ ಕೇಳಿಸಿತು.

ಆ ಹುಡುಗಿಗೆ ಅಂದು ಏನೋ ಹಾರಿಕೆಯ ಉತ್ತರ ಕೊಟ್ಟು ಕಳಿಸಿದೆ. ಸರಿಯಾದ ಉತ್ತರ ಇದು. ಅವಳಿಗೂ, ಅವಳಂತೆ ಈ ಕೆಲಸಕ್ಕೆ ಈಗ ಕಾಲಿಡುತ್ತಿರುವ ಬೇರೆಯವರಿಗೂ ಇರಲಿ ಎಂದು ಬರೆದಿಡುತ್ತಿದ್ದೇನೆ.

ಮೊದಲಿಗೆ ಒಂದು ತಪ್ಪೊಪ್ಪಿಗೆ. ಈ ದೇಹಕ್ಕೆ ಭಗವಂತನು ಕಣ್ಣು, ಕಿವಿ, ನಾಲಿಗೆಗಳನ್ನು ಕೊಟ್ಟಂತೆಯೇ ಘ್ರಾಣೇಂದ್ರಿಯವನ್ನೂ ಕೊಟ್ಟಿದ್ದಾನೆ. ಆದರೆ ಅದು ಬರಿ ಕನ್ನಡಕ ಇಟ್ಟುಕೊಳ್ಳುವುದಕ್ಕೆ. ಚಿಕ್ಕಂದಿನಲ್ಲಿ ಬಂದ ಯಾವುದೋ ಕಾಯಿಲೆಯಲ್ಲಿ ನನ್ನ ವಾಸನೆಯ ಶಕ್ತಿ ಹೋಯಿತಂತೆ. ಮಲ್ಲಿಗೆಗೂ ಸೀಮೆಎಣ್ಣೆಗೂ ನನ್ನ ಮೂಗು ತೋರಿಸುವ ಗೌರವ ಒಂದೇ. ಮದುವೆಯಾದ ಹೊಸತರಲ್ಲಿ ಸರೋಜ ಒಲೆಯ ಮೇಲೆ ಹಾಲಿಟ್ಟು ನೀರಿಗೆ ಹೋದಳು. ಬಂದು ನೋಡಿದರೆ ಪಾತ್ರೆ ಕಪ್ಪಾಗಿದೆ, ಮನೆಯೆಲ್ಲ ಹೊಗೆ. ನಾನು ಬೆನ್ನು ತಿರುಗಿಸಿಕೊಂಡು ಪೇಪರು ಓದುತ್ತಿದ್ದೇನೆ. ‘ಪಕ್ಕದಲ್ಲೇ ಕೂತಿದೀರಲ್ರೀ, ಹಾಲು ಸೀದಿದ್ದು ಗೊತ್ತಾಗ್ಲಿಲ್ವಾ?’ ಎಂದಳು. ಅವತ್ತು ಅವಳಿಗೆ ತಿಳಿಯಿತು. ಅದಕ್ಕೂ ಮುಂಚೆ ನಮ್ಮ ತಾಯಿಗೆ ಗೊತ್ತಿತ್ತು. ಮೂರನೆಯವರಿಗೆ ಗೊತ್ತಾಗುವ ಹೊತ್ತಿಗೆ ನಾನು ವಾಸನೆ ನೋಡುವುದಕ್ಕೆಂದೇ ಸಂಬಳ ತೆಗೆದುಕೊಳ್ಳುತ್ತಿದ್ದೆ.

ಕೆಲಸ ಸಿಕ್ಕಿದ್ದು ಹೀಗೆ. ನಮ್ಮ ಯಜಮಾನರು ಹೊಸದಾಗಿ ಕಾಯಿಪುಡಿ ಕಾರ್ಖಾನೆ ಹಾಕಿ, ಪುಡಿ ಪರೀಕ್ಷೆ ಮಾಡುವುದಕ್ಕೆ ಓದಿದವನೊಬ್ಬ ಬೇಕೆಂದು ಹುಡುಕುತ್ತಿದ್ದರು. ಪಿ.ಯು.ಸಿ. ಪಾಸು ಮಾಡಿದ್ದ ನಾನು ಹೋದೆ. ಮೂರು ಬಟ್ಟಲಲ್ಲಿ ಪುಡಿ ಇಟ್ಟು, ‘ಯಾವ್ದು ಕೆಟ್ಟೈತೆ ಹೇಳಪ್ಪ’ ಎಂದರು. ನಾನು ಮೊದಲನೆಯದಕ್ಕೆ ಬಗ್ಗಿದೆ, ಯಜಮಾನರ ಮುಖದಲ್ಲಿ ಬದಲಾವಣೆ ಇಲ್ಲ. ಎರಡನೆಯದಕ್ಕೆ ಬಗ್ಗಿದೆ, ಇಲ್ಲ. ಮೂರನೆಯದಕ್ಕೆ ಬಗ್ಗುವಾಗ ಅವರ ಹುಬ್ಬು ಕೂದಲೆಳೆಯಷ್ಟು ಮೇಲೆ ಹೋಯಿತು. ‘ಇದು’ ಎಂದೆ. ‘ಭಲೇ’ ಎಂದರು. ಮಾರನೆಯ ದಿನದಿಂದ ನಾನು ಕಾಯಂ ನೌಕರ. ಅಂದಿನಿಂದ ನನ್ನ ಹೆಸರು ನಂಜಪ್ಪ ಹೋಗಿ ಚೆಕ್ಕಿಂಗ್ ಸಾರು ಆಯಿತು.

ಕಾಯಿಪುಡಿ ಎಂದರೆ ಬಿಸ್ಕತ್ತು, ಮಿಠಾಯಿಗಳ ಮೇಲೆ ಉದುರಿಸಿರುತ್ತಾರಲ್ಲ, ಆ ಬಿಳಿಯ ಪುಡಿ. ಬಲಿತ ಕಾಯಿಯ ಕರಟ ಬಿಡಿಸಬೇಕು, ಒಳಗಿನ ಗಿಟುಕಿಗೆ ಅಂಟಿದ ಕಂದು ಸಿಪ್ಪೆಯನ್ನು ಕೆತ್ತಿ ತೆಗೆಯಬೇಕು, ತೊಳೆದು ಬಿಸಿನೀರಲ್ಲಿ ಅದ್ದಿ, ಪುಡಿ ಮಾಡಿ, ಡ್ರೈಯರಿನಲ್ಲಿ ಒಣಗಿಸಬೇಕು. ಕರಟ ಬಿಡಿಸುವವರು ಗಂಡಸರು. ಸಿಪ್ಪೆ ಕೆತ್ತುವವರು ಹೆಂಗಸರು. ಕರಟಕ್ಕೆ ಬಲ ಬೇಕು ಎಂದು ಗಂಡಸರಿಗೆ ಕೂಲಿ ಹೆಚ್ಚು. ಸಿಪ್ಪೆ ಕೆತ್ತುವುದಕ್ಕೆ ಬರಿ ಕೈಚಳಕ ಸಾಕು ಎಂದು ಹೆಂಗಸರಿಗೆ ಕಡಿಮೆ. ಆ ಕೈಚಳಕ ಎಂಥದೆಂದು ತಿಳಿಯಬೇಕಾದರೆ ಒಂದು ಗಿಟುಕು, ಒಂದು ಸಣ್ಣ ಚಾಕು ತೆಗೆದುಕೊಂಡು ಕೂತು ನೋಡಿ. ಬಿಳಿ ತಿರುಳು ಚೂರೂ ಹೋಗಬಾರದು, ಕಂದು ಚುಕ್ಕೆ ಒಂದೂ ಉಳಿಯಬಾರದು. ನಾನು ಒಂದು ಸಲ ಪ್ರಯತ್ನಿಸಿದೆ. ಗಿಟುಕಿಗಿಂತ ನನ್ನ ಬೆರಳಿನ ಸಿಪ್ಪೆ ಹೆಚ್ಚು ಬಂತು.

ಬಾಯ್ಲರು, ಡ್ರೈಯರು, ಗೇಟು, ಪರೀಕ್ಷೆ, ಇಷ್ಟೂ ಕಾಯಂ ಕೆಲಸ. ಇಷ್ಟೂ ಗಂಡಸರದು. ಹೆಂಗಸರಲ್ಲಿ ಕಾಯಂ ಆದವಳು ಒಬ್ಬಳೂ ಇರಲಿಲ್ಲ. ಅದಕ್ಕೆ ಯಜಮಾನರ ಹತ್ತಿರ ಒಂದು ಸಿದ್ಧಾಂತವಿತ್ತು: ‘ಹೆಣ್ಣಾಳಿಗೆ ಕಾಯಂ ಯಾಕಪ್ಪ? ಮದ್ವೆ ಅಂತಾರೆ, ಬಾಣಂತನ ಅಂತಾರೆ, ರಾಗಿ ಕುಯ್ಲು ಅಂತಾರೆ. ನಿಲ್ಲೋ ಜನ ಅಲ್ಲ.’ ಕರಟದ ಗಂಡಸರು ಸಂತೆ ದಿನ ಕೆಲಸಕ್ಕೆ ಬಾರದಿದ್ದುದು, ಹೆಂಗಸರು ಕೆಸರು ಮಳೆ ಎನ್ನದೆ ಎಂಟೂವರೆಗೆ ಚಾಕು ಹಿಡಿದು ಕೂತಿರುತ್ತಿದ್ದುದು ಸಿದ್ಧಾಂತದ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಅವರು ನಿಲ್ಲದ ಜನ ಎಂಬುದನ್ನು ಖಚಿತ ಮಾಡಿಕೊಳ್ಳುವುದಕ್ಕೆ ಇದ್ದದ್ದು ಬ್ರೇಕು. ಇಪ್ಪತ್ತು ಹೆಂಗಸರದು ಒಂದು ಸಾಲು, ಅಂಥವು ಮೂರು ಸಾಲು. ಆರು ತಿಂಗಳಿಗೊಮ್ಮೆ ಒಂದೊಂದು ಸಾಲಿನವರ ಹೆಸರನ್ನೆಲ್ಲ ಹೊಡೆದುಹಾಕಿ ಹತ್ತು ದಿನ ಮನೆಗೆ ಕಳಿಸುವುದು, ಆಮೇಲೆ ಹೊಸಬರೆಂದು ಬರೆದುಕೊಳ್ಳುವುದು. ಎಷ್ಟು ವರ್ಷ ದುಡಿದರೂ ಪ್ರತಿಯೊಬ್ಬಳೂ ಆರು ತಿಂಗಳ ಹೊಸಬಳು. ಯಜಮಾನರು ಇದನ್ನು ‘ವಿಶ್ರಾಂತಿ’ ಎನ್ನುತ್ತಿದ್ದರು. ವಿಶ್ರಾಂತಿ ಮುಗಿದ ಮೇಲೆ ಮೇಸ್ತ್ರಿ ರುದ್ರಣ್ಣ ಹೇಳಿ ಕಳಿಸಿ, ಮೊಬೈಲು ಬಂದ ಮೇಲೆ ಫೋನು ಮಾಡಿ, ಕರೆಯುತ್ತಿದ್ದ. ಕರೆ ಬಂದರೆ ಕೆಲಸ ಉಂಟು. ಬಾರದಿದ್ದರೆ ಯಾರೂ ಯಾರನ್ನೂ ಕೆಲಸದಿಂದ ತೆಗೆದಿಲ್ಲ, ಅಷ್ಟೆ.

ಭಾಗ್ಯಮ್ಮ ಎರಡನೇ ಸಾಲಿನ ಕೊನೆಯಲ್ಲಿ ಕೂರುತ್ತಿದ್ದಳು. ನೊಣವಿನಕೆರೆಯ ಪಕ್ಕದ ಹಳ್ಳಿಯವಳು. ಆಗ ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸಿರಬೇಕು. ನಾನು ಸೇರಿ ತಿಂಗಳಾಗಿರಲಿಲ್ಲ. ಒಂದು ದಿನ ಡ್ರೈಯರಿನಿಂದ ಬಟ್ಟಲಲ್ಲಿ ಪುಡಿ ಹಿಡಿದು, ಘನಗಂಭೀರವಾಗಿ ಮೂಸಿ, ಚೀಟಿಗೆ ‘ಉತ್ತಮ’ ಎಂದು ರುಜು ಹಾಕಿ ಅವರ ಸಾಲಿನ ಪಕ್ಕ ಹೋಗುತ್ತಿದ್ದೆ.

‘ಸಾ, ಅದು ಪ್ಯಾಕಿಂಗಿಗಾ?’ ಎಂದಳು, ತಲೆ ಎತ್ತದೆ.

‘ಹೌದು. ಯಾಕೆ?’

‘ಇವತ್ತು ಚೆನ್ನಾಗೈತೆ. ಎಂಟು ದಿನಕ್ಕೆ ಕಮಟಾಯ್ತದೆ ನೋಡಿ.’

‘ನೀನು ಕೆತ್ತೋ ಕೆಲಸ ನೋಡಮ್ಮ’ ಎಂದು ಗದರಿಸಿದೆ. ಆದರೂ ಒಳಗೆ ಅಳುಕಾಯಿತು. ತೇವ ಜಾಸ್ತಿ ಇದೆ ಎಂದು ಸುಳ್ಳು ಹೇಳಿ ಆ ಪುಡಿಯನ್ನು ನಿಲ್ಲಿಸಿ, ಒಂದು ಪೊಟ್ಟಣ ಮನೆಗೆ ತಂದಿಟ್ಟೆ. ಎಂಟನೆಯ ದಿನ ಸರೋಜ ಪೊಟ್ಟಣ ಬಿಚ್ಚಿ ಮುಖ ಹಿಂದಕ್ಕೆ ಎಳೆದುಕೊಂಡು, ‘ಥೂ, ಇದೇನ್ರೀ ಕಮಟು! ಇದನ್ನ ಒಬ್ಬಟ್ಟಿಗೆ ಹಾಕ್ತಾರಾ?’ ಎಂದಳು. ಕಮಟು ಹಿಡಿದ ಪುಡಿಯನ್ನು ಯಾವ ಮೂಗಾದರೂ ಕಂಡುಹಿಡಿದೀತು, ನನ್ನದೊಂದು ಬಿಟ್ಟು. ಕಮಟು ಹಿಡಿಯಲಿರುವ ಪುಡಿಯನ್ನು ಎಂಟು ದಿನ ಮುಂಚೆಯೇ ಹಿಡಿಯುವ ಮೂಗು ಆ ಕೊನೆಯಲ್ಲಿ ಕೂತಿತ್ತು.

ಮಾರನೆಯ ದಿನ ಚಾಕು ಪರಿಶೀಲಿಸುವವನಂತೆ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಹೊಸ ಪುಡಿಯ ಬಟ್ಟಲನ್ನು ಅವಳತ್ತ ಸರಿಸಿ, ‘ಇದು ಹೆಂಗಿದೆ?’ ಎಂದೆ. ಅವಳು ನನ್ನ ಮುಖ ನೋಡಿ ಮೆಲ್ಲಗೆ ಕೇಳಿದಳು: ‘ನಿಮ್ಗೆ ವಾಸ್ನೆ ಬರಾಕಿಲ್ವಾ ಸಾ?’

‘ಇಲ್ಲ.’

‘ಏನೂವೆ?’

‘ಏನೂ.’

ಅವಳು ನಗಲು ಶುರು ಮಾಡಿದಳು. ಸಾಲಿಗೆ ಸಾಲೇ ತಿರುಗಿ ನೋಡಿತು. ಪಕ್ಕದಲ್ಲಿದ್ದ ಶಮೀಮ್, ‘ಏನೇ ಅದು?’ ಎಂದಳು. ‘ಏನಿಲ್ಲ ಕಣೇ, ಸಾರು ಚಾಕು ಹಿಡಿಯೋದ್ ನೋಡಿ ನಗು ಬಂತು’ ಎಂದಳು ಭಾಗ್ಯಮ್ಮ. ನಾನು ಬದುಕಿದೆ.

ಅಂದಿನಿಂದ ಪರೀಕ್ಷೆಯ ಹೊಸ ವಿಧಾನ ಜಾರಿಗೆ ಬಂತು. ಪ್ರತಿ ದಿನ ಮೂರು ಸಲ ನಾನು ಬಟ್ಟಲು ಹಿಡಿದು, ಕೆತ್ತನೆ ನೋಡುವ ನೆಪದಲ್ಲಿ ಎರಡನೇ ಸಾಲಿನ ಕೊನೆಗೆ ಹೋಗುವುದು. ಬಟ್ಟಲನ್ನು ಅವಳ ಪಕ್ಕ ಇಡುವುದು. ಪುಡಿ ಒಳ್ಳೆಯದಾದರೆ ಅವಳು, ‘ಎಲ್ಲಾ ಚೆನ್ನಾಗೈತೆ ಬುಡಿ ಸಾ’ ಎನ್ನಬೇಕು. ಕೆಟ್ಟದ್ದಾದರೆ, ‘ಚಾಕು ಮೊಂಡಾಗದೆ ಸಾ’ ಎನ್ನಬೇಕು. ಈ ವ್ಯವಸ್ಥೆಯಲ್ಲಿ ಇದ್ದ ಒಂದೇ ತೊಂದರೆ ಮೇಸ್ತ್ರಿ ರುದ್ರಣ್ಣ. ‘ಚಾಕು ಮೊಂಡು’ ಎಂಬ ಮಾತು ಅವನ ಕಿವಿಗೆ ಬಿದ್ದಾಗಲೆಲ್ಲ ಅರವತ್ತು ಚಾಕುಗಳನ್ನೂ ಬಾಚಿಕೊಂಡು ಸಾಣೆ ಹಿಡಿಸುವುದಕ್ಕೆ ಓಡುತ್ತಿದ್ದ. ಮಳೆಗಾಲದಲ್ಲಿ ಪುಡಿ ಬೇಗ ಕೆಡುತ್ತದೆ. ಮಳೆ ಹಿಡಿದರೆ ಚಾಕು ಯಾಕೆ ಮೊಂಡಾಗುತ್ತದೆ ಎಂದು ಆ ಬಡಪಾಯಿ ವರ್ಷಗಟ್ಟಲೆ ತಲೆ ಕೆಡಿಸಿಕೊಂಡ.

ನನ್ನ ಕೀರ್ತಿ ಹಬ್ಬಿತು. ಬೆಂಗಳೂರಿನ ಬಿಸ್ಕತ್ತು ಕಂಪನಿಯ ಖರೀದಿ ಸಾಹೇಬರು ಬಂದಾಗ ಯಜಮಾನರು ನನ್ನನ್ನು ಕರೆಸಿ, ವಸ್ತುಪ್ರದರ್ಶನದ ಹೋರಿಯನ್ನು ತೋರಿಸುವಂತೆ ತೋರಿಸಿ, ‘ನೋಡಿ ಸಾರ್, ಈ ಮೂಗಿನ ಮೇಲೇ ನನ್ನ ಕಾರ್ಖಾನೆ ನಡೀತಿರೋದು’ ಎನ್ನುತ್ತಿದ್ದರು. ಸಾಹೇಬರು ನನ್ನ ಮೂಗನ್ನು ದಿಟ್ಟಿಸಿ ನೋಡಿ ಕೈ ಕುಲುಕುತ್ತಿದ್ದರು. ಇಪ್ಪತ್ತು ಮಾರು ದೂರದಲ್ಲಿ ಭಾಗ್ಯಮ್ಮ ಸಿಪ್ಪೆ ಕೆತ್ತುತ್ತ ಕೂತಿರುತ್ತಿದ್ದಳು. ಇದಕ್ಕೆಲ್ಲ ಪ್ರತಿಯಾಗಿ ನಾನು ಅವಳಿಗೆ ಕೊಟ್ಟದ್ದು ಏನು ಎಂದು ಯಾರಾದರೂ ಕೇಳಬಹುದು. ಒಂದು ಮಣೆ. ಎಲ್ಲರೂ ಗೋಣಿಚೀಲದ ಮೇಲೆ ಕೂರುತ್ತಿದ್ದರು, ನಾನು ಸಾಮಿಲ್ಲಿನಲ್ಲಿ ಹೇಳಿ ಅವಳಿಗೊಂದು ಮಣೆ ಮಾಡಿಸಿಕೊಟ್ಟೆ. ಕೊಟ್ಟ ದಿನ ನನ್ನ ಔದಾರ್ಯಕ್ಕೆ ನನಗೇ ಕಣ್ಣಲ್ಲಿ ನೀರು ಬಂದಿತ್ತು.

ಅವಳ ಸಾಲಿಗೆ ಬ್ರೇಕು ಬಂದಾಗ ಏನು ಮಾಡುವುದು? ನನಗೆ ಜ್ವರ ಬರುತ್ತಿತ್ತು. ವರ್ಷಕ್ಕೆ ಎರಡು ಸಲ, ಹತ್ತು ದಿನ, ಸೂರ್ಯ ಚಂದ್ರರಷ್ಟು ಕ್ರಮವಾಗಿ. ನಾನಿಲ್ಲದಾಗ ಪುಡಿ ಗೋದಾಮಿನಲ್ಲಿ ಕಾಯುತ್ತಿತ್ತು. ಯಜಮಾನರು ತಾವೇ ಮೂಸಿ ಕಳಿಸಬಹುದಿತ್ತಾದರೂ ಅವರ ಮೂಗು ಚಿಕ್ಕಂದಿನಿಂದ ನಶ್ಯಕ್ಕೆ ಅರ್ಪಿತವಾಗಿತ್ತು. ಇದು ಜ್ವರವಲ್ಲ, ನಾನು ಯಾವುದೋ ವ್ರತ ಹಿಡಿಯುತ್ತೇನೆ, ಅದರ ಬಲದಿಂದಲೇ ಇಂಥ ಮೂಗು ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರಂತೆ. ಸರೋಜ ಮಾತ್ರ, ‘ಅವಳು ಬ್ರೇಕಲ್ಲಿ ಕಂಡೋರ ಹೊಲದಲ್ಲಿ ಕಳೆ ಕೀಳ್ತಾಳೆ, ನೀವು ಸಂಬಳದ ರಜಾ ಹಾಕಿ ಮಲಕ್ಕೊಂಡಿದೀರಿ. ವ್ರತ ಚೆನ್ನಾಗಿದೆ’ ಎಂದಳು ಒಂದು ಸಲ. ನಾನು ರಗ್ಗು ಮುಖದ ಮೇಲಕ್ಕೆ ಎಳೆದುಕೊಂಡೆ.

ಹೀಗೆಯೇ ವರ್ಷಗಳು ಹೋದವು. ತೇವ ಅಳೆಯುವ ಯಂತ್ರ ಬಂತು, ಬಣ್ಣ ಹೋಲಿಸುವ ಪಟ್ಟಿ ಬಂತು, ಎಲ್ಲರ ಕೈಗೂ ಮೊಬೈಲು ಬಂತು. ಭಾಗ್ಯಮ್ಮನ ಮಗಳು ಹೈಸ್ಕೂಲಿಗೆ ಬಂದಳು. ಬದಲಾಗದೆ ಉಳಿದದ್ದು ಬ್ರೇಕು, ಚಾಕು, ಮತ್ತು ನನ್ನ ಮೂಗು.

ನಾನು ನಿವೃತ್ತನಾಗುವುದಕ್ಕೆ ಏಳೆಂಟು ವರ್ಷ ಮುಂಚಿನ ಮಾತು. ಹಬ್ಬದ ಮುಂದೆ ಆರ್ಡರು ಜೋರಾಗಿತ್ತು. ಎರಡನೇ ಸಾಲಿಗೆ ಬ್ರೇಕು ಬಂತು. ನನಗೆ ವಾಡಿಕೆಯಂತೆ ಜ್ವರ ಬಂತು. ಯಜಮಾನರು, ‘ಈ ಸಲ ಆಗಾಕಿಲ್ಲ ನಂಜಪ್ಪ. ಜ್ವರ ಇದ್ರೆ ಮಾತ್ರೆ ನುಂಗು, ಮೂಗ್ ತಗಂಡ್ ಬಾ’ ಎಂದರು. ಹೋದೆ.

ಭಾಗ್ಯಮ್ಮನ ಸಾಲು ಕೊನೆಯ ದಿನ ಕೆತ್ತಿಕೊಟ್ಟ ಕಾಯಿಯ ಪುಡಿ ಡ್ರೈಯರಿನಲ್ಲಿದ್ದಾಗ ಕರೆಂಟು ಹೋಗಿ, ಒದ್ದೆ ಪುಡಿ ಅರ್ಧ ದಿನ ಹಾಗೇ ಬಿದ್ದಿತ್ತು. ಆಮೇಲೆ ರುದ್ರಣ್ಣ ಮತ್ತೆ ಒಣಗಿಸಿದ. ಯಂತ್ರ ತೇವ ಸರಿಯಿದೆ ಎಂದಿತು. ಪಟ್ಟಿ ಬಣ್ಣ ಸರಿಯಿದೆ ಎಂದಿತು. ಉಳಿದದ್ದು ವಾಸನೆ. ನಾನು ಬಟ್ಟಲು ಹಿಡಿದು ಎರಡನೇ ಸಾಲಿನ ಕೊನೆಯವರೆಗೂ ಹೋದೆ, ಅಭ್ಯಾಸಬಲ. ಮಣೆ ಗೋಡೆಗೆ ಒರಗಿತ್ತು. ಅಲ್ಲೇ ನಿಂತು ಬಗ್ಗಿ ಮೂಸಿದೆ. ‘ಉತ್ತಮ’ ಎಂದು ಬರೆದು ರುಜು ಹಾಕಿದೆ.

ಲಾರಿ ಹೋದ ಒಂಬತ್ತನೆಯ ದಿನ ಪುಡಿಯೆಲ್ಲ ವಾಪಸ್ಸು ಬಂತು. ಚೀಲ ಬಿಚ್ಚಿದರೆ ಸಾಬೂನಿನ ಹಾಗೆ ನಾರುತ್ತಿತ್ತಂತೆ. ನಶ್ಯದ ಮೂಗಿಗೂ ಗೊತ್ತಾಯಿತೆಂದರೆ ಊಹಿಸಿಕೊಳ್ಳಿ. ಚೀಲದ ಮೇಲೆ ‘ಎರಡನೇ ಸಾಲು’ ಎಂದು ಮುದ್ರೆ ಇತ್ತು.

‘ಹೆಂಗಸ್ರು ಕೊಳೆತ ಗಿಟುಕು ಸೇರಿಸವ್ರೆ. ಬ್ರೇಕ್ ಕೊಡ್ತಾರೆ ಅನ್ನೋ ಸಿಟ್ಟಿಗೆ’ ಎಂದ ರುದ್ರಣ್ಣ.

‘ನಂಜಪ್ಪ, ನೀನು ಮೂಸ್ದಾಗ ಹೆಂಗಿತ್ತು?’ ಎಂದರು ಯಜಮಾನರು.

ನನ್ನ ಜೀವಮಾನದಲ್ಲಿ ಸತ್ಯ ಹೇಳುವುದಕ್ಕೆ ಅಷ್ಟು ಒಳ್ಳೆಯ ಅವಕಾಶ ಮತ್ತೊಂದು ಬಂದಿರಲಿಲ್ಲ. ನಾನು, ‘ಆಗ ಚೆನ್ನಾಗಿತ್ತು’ ಎಂದೆ.

‘ಅಂದ್ಮೇಲೆ ಅವ್ರದ್ದೇ ಕೆಲ್ಸ. ರುದ್ರಾ, ಆ ಸಾಲ್ನ ವಾಪಸ್ ಕರೀಬ್ಯಾಡ. ಕಂಟ್ರಾಕ್ಟ್‌ನೋನಿಗೆ ಹೇಳಿ ಬೇರೆ ಜನ ಹಾಕ್ಸು.’

ಒಂದು ವಾಕ್ಯದಲ್ಲಿ ಮುಗಿಯಿತು. ನೋಟೀಸಿಲ್ಲ, ವಿಚಾರಣೆಯಿಲ್ಲ. ಹೊಡೆದುಹಾಕಿದ್ದ ಹೆಸರು ಮತ್ತೆ ಬರೆಯದಿದ್ದರಾಯಿತು. ಇಪ್ಪತ್ತು ಜನ ಹೆಂಗಸರು ತಮ್ಮ ತಮ್ಮ ಮನೆಯಲ್ಲಿ ಫೋನು ಪಕ್ಕದಲ್ಲಿಟ್ಟುಕೊಂಡು ಅಡಿಗೆ ಮಾಡುತ್ತಿದ್ದರು.

ಹನ್ನೊಂದನೆಯ ದಿನ ಭಾಗ್ಯಮ್ಮ ನನಗೇ ಫೋನು ಮಾಡಿದಳು. ‘ಸಾ, ರುದ್ರಣ್ಣ ಕರೀಲಿಲ್ವಲ್ಲ?’ ‘ಬರುತ್ತಮ್ಮ, ಬರುತ್ತೆ’ ಎಂದೆ. ಹದಿನಾಲ್ಕನೆಯ ದಿನ ಇಪ್ಪತ್ತು ಜನರೂ ಗೇಟಿಗೆ ಬಂದರು. ರುದ್ರಣ್ಣ ಗೇಟಿನ ಒಳಗೆ ನಿಂತೇ ವಿಷಯ ಹೇಳಿದ. ಶಮೀಮ್ ಸರಳು ಹಿಡಿದುಕೊಂಡು ಕೂಗಿದಳು: ‘ಕೊಳೆತದ್ದು ನಾವ್ ಹಾಕಿದ್ವಾ? ಈ ಕೈಯಲ್ಲಿ ಇಪ್ಪತ್ತೆರಡು ವರ್ಷ ಕೆತ್ತೀನಿ ಕಣಯ್ಯಾ, ಒಂದ್ ಚುಕ್ಕೆ ಬಿಟ್ಟಿದ್ರೆ ತೋರ್ಸು!’ ಕೆಲವರು ಅಳುತ್ತಿದ್ದರು. ನಾನು ಪರೀಕ್ಷೆ ಕೋಣೆಯ ಬಾಗಿಲಲ್ಲಿ ಬಟ್ಟಲು ಹಿಡಿದು ನಿಂತಿದ್ದೆ.

ಭಾಗ್ಯಮ್ಮ ನನ್ನನ್ನು ನೋಡಿದಳು. ಅವಳು ಒಂದು ಮಾತು ಅಂದಿದ್ದರೆ ಸಾಕಿತ್ತು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

‘ಚೆನ್ನಾಗಿದೀರಾ ಸಾ?’ ಎಂದಳು. ಆಮೇಲೆ, ‘ಈ ಸಲ ಜ್ವರ ಬರ್ಲಿಲ್ವಾ?’

ಅಷ್ಟೇ. ಸೆರಗು ಸರಿಮಾಡಿಕೊಂಡು, ‘ಬರ್ರೇ, ಬಸ್ ಹೋಯ್ತದೆ’ ಎಂದು ಎಲ್ಲರನ್ನೂ ಕರೆದುಕೊಂಡು ಹೊರಟಳು.

ನಾನು ಬಟ್ಟಲು ಕೆಳಗಿಟ್ಟು ಓಡಿದೆ. ಐವತ್ತು ದಾಟಿದ ಕಾಯಂ ನೌಕರನೊಬ್ಬ ಹಾಡುಹಗಲಲ್ಲಿ ಹೆಂಗಸರ ಗುಂಪಿನ ಹಿಂದೆ ಓಡುವ ದೃಶ್ಯವನ್ನು ರಸ್ತೆಯ ಜನ ನಿಂತು ನೋಡಿದರು. ಬಸ್ ಸ್ಟಾಪಿನಲ್ಲಿ ಅವಳನ್ನು ಪಕ್ಕಕ್ಕೆ ಕರೆದು ಕೇಳಿದೆ: ‘ಯಾಕಮ್ಮ ನೀನು ಹೇಳಲಿಲ್ಲ?’

‘ಹೇಳಾಕೆ ನಂಗೇನ್ ಬಾಯಿಲ್ವಾ ಸಾ? ನಾನ್ ಹೇಳುದ್ರೆ, ಕೆಲ್ಸ ಹೋದ್ ಸಿಟ್ಟಿಗೆ ಹೇಳ್ತಾಳೆ ಅಂತಾರೆ. ಒಂದ್ ಹೆಂಗ್ಸು, ಸಿಪ್ಪೆ ಕೆತ್ತೋಳು. ಯಾರ್ ನಂಬ್ತಾರೆ? ನೀವ್ ಹೇಳುದ್ರೆ ನಂಬ್ತಾರೆ.’

‘ನನ್ನ ಕೆಲಸ ಹೋಗುತ್ತಲ್ಲಮ್ಮ.’

‘ಹೋಗ್ಬೌದು’ ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ನಾಳೆ ಮಳೆ ಬರಬಹುದು ಎನ್ನುವ ಹಾಗೆ ಹೇಳಿದಳು. ‘ನಮ್ದು ಆರ್ ತಿಂಗ್ಳಿಗೊಂದ್ ಸಲ ಹೋಯ್ತಿತ್ತು ಸಾ. ರೂಢಿ ಆಯ್ತದೆ.’

ಬಸ್ಸು ಬಂತು. ಹತ್ತುವಾಗ ತಿರುಗಿ, ‘ಊಟ ಮಾಡಿ ಸಾ, ಮುಖ ಬಾಡೈತೆ’ ಎಂದಳು.

ಆ ದಿನ ಸರೋಜಳಿಗೆ ಎಲ್ಲ ಹೇಳಿದೆ. ಮಾರನೆಯ ಬೆಳಿಗ್ಗೆ ಅವಳು ಇಸ್ತ್ರಿ ಮಾಡಿದ ಅಂಗಿ ತಂದು ಮಂಚದ ಮೇಲಿಟ್ಟು, ‘ಕೆಲಸ ಹೋದ್ರೆ ಹೋಗ್ಲಿ ಬಿಡ್ರೀ, ಹೆಂಗೂ ನಡೆಯುತ್ತೆ. ಇದನ್ನ ಹಾಕ್ಕೊಂಡು ಹೋಗಿ’ ಎಂದಳು.

ಯಜಮಾನರ ಕೋಣೆಯಲ್ಲಿ ರುದ್ರಣ್ಣನೂ ಇದ್ದ. ನಾನು ನಿಂತುಕೊಂಡೇ, ಬಿಡದೆ, ಮೂರು ಬಟ್ಟಲಿನ ದಿನದಿಂದ ಹಿಡಿದು ಒಂಬತ್ತನೆಯ ದಿನದ ಲಾರಿಯವರೆಗೆ ಒಪ್ಪಿಸಿದೆ. ಯಜಮಾನರು ಮೊದಲು ನಕ್ಕರು, ತಮಾಷೆ ಎಂದುಕೊಂಡು. ಆಮೇಲೆ ನಶ್ಯದ ಡಬ್ಬಿಯನ್ನು ತೆರೆದರು, ಮುಚ್ಚಿದರು. ‘ಏನಯ್ಯಾ ನೀನು ಹೇಳ್ತಿರೋದು? ಇಷ್ಟ್ ವರ್ಷ ಮೂಸಿದ್ದು ಆ ಹೆಂಗ್ಸಾ?’

ಅಷ್ಟರಲ್ಲಿ ರುದ್ರಣ್ಣ ಹಣೆ ಚಚ್ಚಿಕೊಂಡ. ‘ಅಯ್ಯೋ ಶಿವನೇ! ಅದ್ಕೇ ಚಾಕು ಮೊಂಡು!’ ಯಜಮಾನರಿಗೆ ಅರ್ಥವಾಗಲಿಲ್ಲ. ರುದ್ರಣ್ಣನೇ ವಿವರಿಸಿದ. ಸಾಣೆ ಹಿಡಿಸಿದ ದಿನಗಳೂ ನಾನು ಪುಡಿ ನಿಲ್ಲಿಸಿದ ದಿನಗಳೂ ಒಂದೇ ಎಂದು ಅವನಿಗೆ ಅಲ್ಲಿಯೇ ಒಂದೊಂದಾಗಿ ನೆನಪಿಗೆ ಬರುತ್ತಿದ್ದವು. ನನ್ನ ಮಾತಿಗಿಂತ ಅವನ ಚಾಕುಗಳೇ ದೊಡ್ಡ ಸಾಕ್ಷಿಯಾದವು.

‘ಊರೆಲ್ಲ ನಿನ್ನ ಮೂಗು ಹೊತ್ಕಂಡ್ ಮೆರವಣಿಗೆ ಮಾಡಿದ್ನಲ್ಲಯ್ಯಾ ನಾನು’ ಎಂದರು ಯಜಮಾನರು.

‘ರಾಜೀನಾಮೆ ತಂದಿದ್ದೀನಿ’ ಎಂದೆ.

‘ನಿನ್ನ ತೆಗೆದ್ರೆ ಯಾಕ್ ತೆಗೆದೆ ಅಂತ ನಾಕ್ ಜನಕ್ಕೆ ಹೇಳ್ಬೇಕು. ಏನಂತ ಹೇಳ್ಲಿ? ತೆಪ್ಪಗೆ ಹೋಗಿ ಕೂತ್ಕೋ.’

ಗಮನಿಸಿ. ಏನೂ ತಪ್ಪು ಮಾಡದ ಇಪ್ಪತ್ತು ಜನರನ್ನು ಕೈಬಿಡುವುದಕ್ಕೆ ಯಾರಿಗೂ ಕಾರಣ ಹೇಳಬೇಕಿರಲಿಲ್ಲ. ತಪ್ಪು ಒಪ್ಪಿಕೊಂಡ ನನ್ನನ್ನು ತೆಗೆಯುವುದಕ್ಕೆ ಕಾರಣ ಹೇಳಬೇಕಿತ್ತು. ಕಾಯಂ ಎಂದರೆ ಏನೆಂದು ನನಗೆ ಪೂರ್ತಿಯಾಗಿ ತಿಳಿದದ್ದು ಅಂದು.

‘ಅವಳೊಬ್ಬಳನ್ನ ಕರೆಸು’ ಎಂದರು ಯಜಮಾನರು. ಅಲ್ಲಿಂದಲೇ ಫೋನು ಮಾಡಿದೆ. ಭಾಗ್ಯಮ್ಮ ಎಲ್ಲ ಕೇಳಿಸಿಕೊಂಡಳು. ನಾನು ಹೇಳಿಬಿಟ್ಟೆ ಎಂದಾಗ ‘ನಿಮ್ ಕೆಲ್ಸ ಐತಾ ಸಾ?’ ಎಂದು ಕೇಳಿದಳು. ಇದೆ ಎಂದೆ. ‘ಸದ್ಯ’ ಎಂದಳು. ಆಮೇಲೆ: ‘ನಾನೊಬ್ಳೇ ಬರಾಕಿಲ್ಲ. ಸಾಲೆಲ್ಲ ಬರ್ಬೇಕು. ಬ್ರೇಕು ಅನ್ನೋದು ನಿಲ್ಬೇಕು, ಮೂರ್ ಸಾಲ್ಗೂವೆ. ಯಜಮಾನ್ರಿಗೆ ಹೇಳಿ.’

ಹೇಳಿದೆ. ‘ನಂಗೇ ಷರತ್ತಾ? ಮನೇಲಿರ್ಲಿ ಬುಡು!’ ಎಂದು ಗುಡುಗಿದರು.

ಮನೆಯಲ್ಲೇ ಇದ್ದಳು. ನಾಲ್ಕು ದಿನ. ಕಂಟ್ರಾಕ್ಟಿನ ಹೊಸ ಹೆಂಗಸರು, ಪಾಪ, ಕೆತ್ತುವುದು ಕಲಿತಿರಲಿಲ್ಲ. ಸಿಪ್ಪೆಯ ಜೊತೆ ಅರ್ಧ ತಿರುಳೂ ಹೋಗುತ್ತಿತ್ತು. ಅವರಿಗೂ ಯಾರೂ ಕಲಿಸಿರಲಿಲ್ಲ. ಗೋದಾಮಿನಲ್ಲಿ ಪುಡಿ ರಾಶಿ ಬಿದ್ದಿತ್ತು, ಬಿಸ್ಕತ್ತು ಕಂಪನಿಯವರು ಇನ್ನೊಂದು ಸಲ ಪುಡಿ ವಾಪಸ್ಸಾದರೆ ವ್ಯವಹಾರವೇ ಬೇಡ ಎಂದಿದ್ದರು, ನಾನು ರುಜು ಹಾಕುವುದಿಲ್ಲ ಎಂದು ಕೂತಿದ್ದೆ. ಐದನೆಯ ದಿನ ಬೆಳಿಗ್ಗೆ ಯಜಮಾನರು ಕಾಯಿ ಸಾಗಿಸುವ ಟೆಂಪೊ ತೆಗೆಸಿ, ‘ನಡಿ’ ಎಂದರು. ಡ್ರೈವರು ತಾವೇ. ನಾನು ಪಕ್ಕದ ಸೀಟಿನಲ್ಲಿ.

ಭಾಗ್ಯಮ್ಮ ಅಂಗಳ ಗುಡಿಸುತ್ತಿದ್ದಳು. ನಮ್ಮನ್ನು ನೋಡಿ ಪೊರಕೆ ಮೂಲೆಗಿಟ್ಟು, ಚಾಪೆ ಹಾಸಿ, ಮಜ್ಜಿಗೆ ತಂದಳು. ಯಜಮಾನರು ಮಜ್ಜಿಗೆ ಕುಡಿದು ಲೋಟ ಇಡುವುದರೊಳಗೆ ಸಾಲಿನ ಹತ್ತು ಹನ್ನೆರಡು ಜನ ಅಂಗಳಕ್ಕೆ ಬಂದಿದ್ದರು. ಮಿಕ್ಕವರು ಪಕ್ಕದ ಹಳ್ಳಿಯವರು, ರಸ್ತೆಗೆ ಬಂದು ನಿಂತಿರುತ್ತಾರೆ ಎಂದು ಶಮೀಮ್ ಹೇಳಿದಳು. ಅವಳೇ ಫೋನು ಮಾಡಿದ್ದಳು.

‘ಏನಮ್ಮಾ ಭಾಗ್ಯಮ್ಮ’ ಎಂದರು ಯಜಮಾನರು, ಚಾಪೆಯ ಅಂಚು ನೋಡುತ್ತ. ‘ಆಗ್ಲಿ. ಸಾಲೆಲ್ಲ ಬರ್ಲಿ. ಬ್ರೇಕ್ ಇಲ್ಲ ಇನ್ಮೇಲೆ.’

‘ಮೂರ್ ಸಾಲ್ಗೂನಾ?’

‘ಮೂರಕ್ಕೂ.’

‘ಇವ್ರ ಮುಂದೆ ಇನ್ನೊಂದ್ ಸಲ ಹೇಳ್ಬುಡಿ ಯಜಮಾನ್ರೇ, ಹಿಂದ್ಗಡೆ ನಿಂತೋರಿಗೆ ಕೇಳ್ಲಿಲ್ಲ.’

ಯಜಮಾನರು ಇನ್ನೊಂದು ಸಲ, ಸ್ವಲ್ಪ ಜೋರಾಗಿ ಹೇಳಿದರು. ‘ನಾಳೆಯಿಂದ ಬನ್ನಿ’ ಎಂದೂ ಸೇರಿಸಿದರು.

‘ನಾಳೆ ಯಾಕೆ? ಒಡೆದ ಕಾಯಿ ಇಟ್ಕಂಡ್ ಕೂತ್ರೆ ಕೆಡಾಕಿಲ್ವಾ? ಈಗ್ಲೇ ಬತ್ತೀವಿ. ಲೇ, ಊಟದ ಡಬ್ಬಿ ತಗಂಡ್ ಬರ್ರೇ!’

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ, ಸಹನಾಗೆ ಬೇಕಾದ್ದು ಅದೇ. ಆ ಯಜಮಾನರು ಇರುವವರೆಗೆ ಬ್ರೇಕು ಮತ್ತೆ ಬರಲಿಲ್ಲ. ಅವರು ಮಾತು ಉಳಿಸಿಕೊಂಡರು. ಆದರೆ ಕಾಯಂ ಎಂಬ ಮಾತೂ ಬರಲಿಲ್ಲ. ಭಾಗ್ಯಮ್ಮ ಪರೀಕ್ಷೆ ಕೋಣೆಗೆ ಬಂದಳು, ಕುರ್ಚಿಯಲ್ಲಿ ಕೂತಳು, ಅವಳು ಬೇಡವೆಂದ ಪುಡಿ ಯಾರ ಅವಸರಕ್ಕೂ ಗೇಟು ದಾಟಲಿಲ್ಲ. ಕಾಗದದಲ್ಲಿ ಮಾತ್ರ ಅವಳು ‘ಸಹಾಯಕಿ’. ಅವಳು ಯಾರಿಗೆ ಸಹಾಯಕಿ? ನನಗೆ. ಕೂಲಿ ಏರಿತು, ನನ್ನ ಸಂಬಳದ ಹತ್ತಿರಕ್ಕೆ ಬರಲಿಲ್ಲ. ನಾನು ಅದನ್ನು ಯಜಮಾನರ ಬಳಿ ಎರಡು ಸಲ ಎತ್ತಿದೆ. ಮೂರನೆಯ ಸಲ ಎತ್ತಬೇಕಿತ್ತು. ಈಗ ಅವರ ಮಗನ ಕಾಲ. ಹೆಂಗಸರೆಲ್ಲ ಕಂಟ್ರಾಕ್ಟು, ಹನ್ನೊಂದು ತಿಂಗಳು. ಸಹನಾ ಸೇರಿದ್ದು ಬೇರೆ ಕಾರ್ಖಾನೆ, ಆದರೆ ಅವಳ ಕೈಗೆ ಕೊಟ್ಟಿರುವ ಕಾಗದದಲ್ಲೂ ಹನ್ನೊಂದೇ ತಿಂಗಳು. ತಾತನ ಹತ್ತಿರ ಕೇಳಿ ಕಲಿಯಬೇಕಾದ್ದು ತೇವ, ಬಣ್ಣ ಅಲ್ಲ ಮಗಳೇ. ಅದಕ್ಕೆ ಯಂತ್ರವಿದೆ. ಅಂಥದೇ ಕಾಗದ ಹಿಡಿದುಕೊಂಡು ನಿನ್ನ ಸಾಲಿನಲ್ಲಿ ಇನ್ನೂ ಎಷ್ಟು ಜನ ಇದ್ದಾರೆ, ಅವರ ಊರು ಯಾವುದು, ಫೋನ್ ನಂಬರು ಏನು, ಮೊದಲು ಬರೆದುಕೋ.

ಆ ಬೆಳಿಗ್ಗೆಗೆ ವಾಪಸ್ಸು ಬರುತ್ತೇನೆ. ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದು ಟೆಂಪೊ ಹಿಂದಕ್ಕೆ ಹತ್ತುತ್ತಿದ್ದರು. ಯಜಮಾನರು ಸ್ಟೇರಿಂಗಿನ ಮುಂದೆ ಕೂತರು. ನಾನು ಪಕ್ಕದ ಬಾಗಿಲು ತೆಗೆದು ಒಂದು ಕಾಲು ಒಳಗಿಟ್ಟೆ.

‘ಸಾ’ ಎಂದಳು ಭಾಗ್ಯಮ್ಮ, ಡಬ್ಬಿಯ ಚೀಲ ಹಿಡಿದು ಹಿಂದೆಯೇ ನಿಂತು. ‘ನೀವ್ ಹಿಂದ್ಗಡೆ ಹತ್ಕಳಿ. ಮುಂದ್ಗಡೆ ನಾನ್ ಕುಂತ್ಕತೀನಿ.’

ನಾನು ಯಜಮಾನರ ಮುಖ ನೋಡಿದೆ. ಅವರು ಮುಂದಿನ ಗಾಜಿನಲ್ಲಿ ರಸ್ತೆ ನೋಡುತ್ತ, ‘ಅವ್ರು ಹೇಳಿದ್ ಕೇಳು ನಂಜಪ್ಪ’ ಎಂದರು. ಅವಳು ಎಂಬುದು ಅವರು ಆಗಿತ್ತು. ಭಾಗ್ಯಮ್ಮ ಹತ್ತಿ ಕೂತು, ಸೆರಗು ಒಳಗೆಳೆದುಕೊಂಡು, ಬಾಗಿಲನ್ನು ತಾನೇ ಧಡ್ಡನೆ ಹಾಕಿಕೊಂಡಳು.

ನಾನು ಹಿಂದಕ್ಕೆ ಹೋದೆ. ಟೆಂಪೊ ಎತ್ತರ, ನನ್ನ ಮಂಡಿ ಬಗ್ಗದು. ಇಸ್ತ್ರಿಯ ಅಂಗಿ ಬೇರೆ. ‘ಕೈ ಕೊಡಿ ಸಾ’ ಎಂದು ಶಮೀಮ್ ಒಂದು ಕೈ, ಇನ್ನೊಬ್ಬಳು ಒಂದು ಕೈ ಹಿಡಿದು ಕಾಯಿಚೀಲವನ್ನು ಎಳೆದುಕೊಳ್ಳುವ ಹಾಗೆ ನನ್ನನ್ನು ಮೇಲಕ್ಕೆ ಎಳೆದುಕೊಂಡರು. ಎಲ್ಲರೂ ನಗುತ್ತಿದ್ದರು. ‘ಜರುಗ್ರೇ, ಸಾರಿಗೆ ಜಾಗ ಬುಡ್ರೇ’ ಎಂದು ಯಾರೋ ಹೇಳಿದರು. ಎಲ್ಲರೂ ಒಂದೊಂದು ಗೇಣು ಜರುಗಿದರು. ಗೋಣಿಚೀಲದ ಮೇಲೆ ನನಗೆ ಕೂರುವಷ್ಟು ಜಾಗವಾಯಿತು.